ಹೊರೆ ಯಾರ ಹೆಗಲಿಗೆ? ಹಿಂಜರಿತದ ದಿನಗಳಲ್ಲಿ ಟೆಕ್ ಕಂಪನಿಗಳ ವ್ಯಾಪಾರ

(ಕಾಮರ್ಸ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆರ್ಥಿಕ ಹಿಂಜರಿತ ಅಂದ ಕೂಡಲೇ ನಿಮ್ಮ ಮನಸ್ಸಿಗೆ ಬರುವುದು ಲೇಆಫ್. ಸಹಜವೇ. ಇಲ್ಲಿ ಕೂತಿರುವ ಅರ್ಧ ಜನ ಮುಂದಿನ ವರ್ಷ ಕೆಲಸ ಹುಡುಕುವವರು. ಆದರೆ ಇವತ್ತು ನಾನು ಅದರ ಬಗ್ಗೆ ಕಡಿಮೆ ಮಾತಾಡುತ್ತೇನೆ. ಜನರನ್ನು ತೆಗೆದರೆ ಖರ್ಚು ಇಳಿಯುತ್ತದೆ, ಅಷ್ಟೆ. ಕಂಪನಿ ದುಡ್ಡು ಮಾಡುವ ದಾರಿ ಹಾಗೇ ಉಳಿದಿರುತ್ತದೆ. ಆ ದಾರಿಯನ್ನೇ ಬದಲಾಯಿಸಿದವರ ಕಥೆ ನನಗೆ ಹೆಚ್ಚು ಇಷ್ಟ.

ಕಥೆಗೆ ಮೊದಲು ಒಂದು ಮಾತು. ಯಾವ ವ್ಯಾಪಾರದಲ್ಲೂ ಒಂದು ಅನುಮಾನ ಇದ್ದೇ ಇರುತ್ತದೆ. ಈ ವಸ್ತು ಕೆಲಸಕ್ಕೆ ಬರುತ್ತದೋ ಇಲ್ಲವೋ, ಮಾರಾಟ ಆಗುತ್ತದೋ ಇಲ್ಲವೋ, ಹಾಕಿದ ದುಡ್ಡು ವಾಪಸ್ ಬರುತ್ತದೋ ಇಲ್ಲವೋ. ಈ ಅನುಮಾನದ ಹೊರೆಯನ್ನು ಮಾರುವವನು ಹೊರಬೇಕು, ಇಲ್ಲವೇ ಕೊಳ್ಳುವವನು ಹೊರಬೇಕು, ಇಲ್ಲವೇ ನಡುವೆ ನಿಂತ ಮೂರನೆಯವನು. ಕಾಲ ಚೆನ್ನಾಗಿದ್ದಾಗ ಯಾರು ಹೊತ್ತಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಕಾಲ ಕೆಟ್ಟಾಗ ಹೆಗಲು ನೋಯಲು ಶುರುವಾಗುತ್ತದೆ. ಬಿಸಿನೆಸ್ ಮಾಡೆಲ್ ಬದಲಾಯಿತು ಅಂತ ಪತ್ರಿಕೆಯಲ್ಲಿ ಓದಿದಾಗ ನಾನು ನೋಡುವುದು ಇಷ್ಟೇ: ಹೊರೆ ಯಾರ ಹೆಗಲಿಂದ ಯಾರ ಹೆಗಲಿಗೆ ಹೋಯಿತು?

2009ರಲ್ಲಿ ನಾನು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಒಂದೂವರೆ ವರ್ಷಕ್ಕೊಮ್ಮೆ ಹೊಸ ವರ್ಷನ್ ಬಿಡುವುದು, ಹಳೆ ಗ್ರಾಹಕರಿಗೆ ಅದನ್ನು ಮಾರುವುದು, ಇದೇ ನಮ್ಮ ಹೊಟ್ಟೆಪಾಡು. ಆ ವರ್ಷ ಒಬ್ಬ ಗ್ರಾಹಕರೂ "ಬೇಡ" ಅನ್ನಲಿಲ್ಲ. ಎಲ್ಲರೂ "ಮುಂದಿನ ಕ್ವಾರ್ಟರ್ ನೋಡೋಣ" ಅಂದರು. ಬೇಡ ಅಂದಿದ್ದರೇ ವಾಸಿ ಇತ್ತು. "ನೋಡೋಣ" ಅನ್ನುವುದನ್ನು ಎಕ್ಸೆಲ್‌ನ ಯಾವ ಕಾಲಂಗೆ ಹಾಕುತ್ತೀರಿ? ಅವರ ತಪ್ಪೂ ಇರಲಿಲ್ಲ ಬಿಡಿ. ಹಳೆ ವರ್ಷನ್ ಚೆನ್ನಾಗಿಯೇ ಓಡುತ್ತಿತ್ತು. ನಾವು ಪೈಪೋಟಿ ಮಾಡುತ್ತಿದ್ದದ್ದು ಮೂರು ವರ್ಷದ ಹಿಂದೆ ನಾವೇ ಮಾರಿದ್ದ ಸೀಡಿ ಜೊತೆ.

ಅದೇ ಹೊತ್ತಿಗೆ ಇದೇ ಕಷ್ಟ ದೊಡ್ಡ ಮಟ್ಟದಲ್ಲಿ ಅಡೋಬಿಗೆ ಬಂದಿತ್ತು. ಫೋಟೋಶಾಪ್ ಮತ್ತು ಅದರ ಜೊತೆಗಾರರನ್ನೆಲ್ಲ ಸೇರಿಸಿದ ಕ್ರಿಯೇಟಿವ್ ಸೂಟ್‌ನ ನಾಲ್ಕನೇ ಆವೃತ್ತಿಯನ್ನು ಅವರು ಬಿಟ್ಟಿದ್ದು 2008ರ ಶರತ್ಕಾಲದಲ್ಲಿ. ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಜಗತ್ತಿನ ಹಣಕಾಸು ಬಿಕ್ಕಟ್ಟು ಬಿಗಡಾಯಿಸಿದ ಹೊತ್ತು. ಇದಕ್ಕಿಂತ ಕೆಟ್ಟ ಮುಹೂರ್ತ ಹುಡುಕಿದರೂ ಸಿಗುತ್ತಿರಲಿಲ್ಲ. ಡಿಸೈನರುಗಳೆಲ್ಲ ಹಳೆಯದರಲ್ಲೇ ಕೆಲಸ ಮುಂದುವರಿಸಿದರು. 2008ರಲ್ಲಿ ಸುಮಾರು 358 ಕೋಟಿ ಡಾಲರ್ ಇದ್ದ ಅಡೋಬಿಯ ಆದಾಯ 2009ರಲ್ಲಿ 295 ಕೋಟಿಗೆ ಬಂತು. ಹತ್ತಿರಹತ್ತಿರ ಶೇ. 18ರಷ್ಟು ಕುಸಿತ. ಗಮನಿಸಿ, ಜನ ಫೋಟೋಶಾಪ್ ಬಳಸುವುದನ್ನು ನಿಲ್ಲಿಸಿರಲಿಲ್ಲ. ಬಳಕೆ ಹಾಗೇ ಇತ್ತು. ದುಡ್ಡು ಕೊಡುವುದು ಮಾತ್ರ ನಿಂತಿತ್ತು. ಅವರ ತಲೆ ಕೆಡಿಸಿದ್ದು ಇದೇ ಇರಬೇಕು.

2012ರಲ್ಲಿ ಕ್ರಿಯೇಟಿವ್ ಕ್ಲೌಡ್ ಬಂತು. ತಿಂಗಳಿಗೆ 50 ಡಾಲರ್ ಕೊಟ್ಟರೆ ಇಡೀ ಗಂಟು ನಿಮ್ಮದು, ಕೊಡುವುದು ನಿಲ್ಲಿಸಿದರೆ ಬಾಗಿಲು ಬಂದ್. 2013ರ ಮೇ ತಿಂಗಳಲ್ಲಿ ಅಡೋಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನು ಹೊಸ ವರ್ಷನ್‌ಗಳನ್ನು ಒಮ್ಮೆಗೇ ಮಾರುವುದಿಲ್ಲ, ಬಾಡಿಗೆಗೆ ಮಾತ್ರ ಅಂದಿತು. ಸಾವಿರಾರು ಬಳಕೆದಾರರು ವಿರೋಧಿಸಿ ಸಹಿ ಹಾಕಿದರು.

ನಿಮ್ಮಲ್ಲಿ ಕಾಮರ್ಸ್ ಓದುವವರು ಇರುವುದರಿಂದ ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ನಿನ್ನೆಯವರೆಗೆ ಒಬ್ಬ ಗ್ರಾಹಕ ಬಂದರೆ 700 ಡಾಲರೋ, 2600 ಡಾಲರೋ ಒಂದೇ ಏಟಿಗೆ ಬರುತ್ತಿತ್ತು. ಇವತ್ತು ಅದೇ ಗ್ರಾಹಕ ಬಂದರೆ ಈ ತಿಂಗಳ ಲೆಕ್ಕಕ್ಕೆ ಬರುವುದು 50 ಡಾಲರ್. ಬಾಡಿಗೆಗೆ ಬದಲಾದ ಗ್ರಾಹಕರು ಜಾಸ್ತಿ ಆದಷ್ಟೂ ಈ ವರ್ಷದ ಆದಾಯ ಕಡಿಮೆ ಕಾಣುತ್ತದೆ! 2012ರಲ್ಲಿ ಸುಮಾರು 83 ಕೋಟಿ ಡಾಲರ್ ಇದ್ದ ಅಡೋಬಿಯ ಲಾಭ 2013ರಲ್ಲಿ 29 ಕೋಟಿಗೆ ಇಳಿಯಿತು. ಷೇರುದಾರರ ಮುಂದೆ ಕೂತು "ಈ ಕುಸಿತ ನಾವೇ ಬೇಕೆಂದು ತಂದುಕೊಂಡದ್ದು" ಅಂತ ಹೇಳುವುದು ಸುಮ್ನೆ ಮಾತಲ್ಲ. ಬಾವಿಗೆ ಹಾರಿದ ಮೇಲೆ ನೀರಿದೆಯೋ ಇಲ್ಲವೋ ನೋಡುವ ಕೆಲಸ ಅದು. ಹಿಂಜರಿತದ ನಡುವೆಯೇ ಇದನ್ನು ಮಾಡಲು ಹೋಗಿದ್ದರೆ ಉಸಿರು ಕಟ್ಟುತ್ತಿತ್ತು. ಪಾಠ ಕಲಿತದ್ದು 2009ರಲ್ಲಿ, ಜಾರಿಗೆ ತಂದದ್ದು ಕಾಲ ಸ್ವಲ್ಪ ಸುಧಾರಿಸಿದ ಮೇಲೆ. ಈ ಅಂತರವನ್ನು ಬಹಳ ಜನ ಗಮನಿಸುವುದಿಲ್ಲ.

ಫಲ ಸಿಕ್ಕಿತೇ? 2020ರಲ್ಲಿ ಜಗತ್ತೇ ನಿಂತಾಗ ಅಡೋಬಿಯ ಆದಾಯ ಶೇ. 15ರಷ್ಟು ಏರಿತು. ಮನೆಯಲ್ಲೇ ಕೂತು ಕೆಲಸ ಮಾಡಿದ ಆ ವರ್ಷ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಿಗೆ ಒಳ್ಳೆಯದೇ ಆಯಿತು, ಆ ರಿಯಾಯಿತಿ ಕೊಟ್ಟು ನೋಡಬೇಕು. ಆದರೂ 2009ರ ಹಳೆ ಮಾದರಿ ಇದ್ದಿದ್ದರೆ ಜನ ಮತ್ತೆ "ನೋಡೋಣ" ಅನ್ನುತ್ತಿದ್ದರು. ಬಾಡಿಗೆಯವನಿಗೆ "ನೋಡೋಣ" ಅನ್ನುವ ದಾರಿ ಇಲ್ಲ. ಕೆಲಸ ಬಿಡಬೇಕು, ಇಲ್ಲವೇ ದುಡ್ಡು ಕಟ್ಟಬೇಕು. ಮುಂದೂಡುವ ಹಕ್ಕು ಗ್ರಾಹಕನ ಕೈಯಿಂದ ಜಾರಿತು. 2024ರಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸಿನ ಮೇಲೆ ಅಮೆರಿಕದ ನ್ಯಾಯ ಇಲಾಖೆ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ಮಧ್ಯದಲ್ಲೇ ಬಿಟ್ಟರೆ ಕಟ್ಟಬೇಕಾದ ಶುಲ್ಕವನ್ನು ಮರೆಮಾಚಿದ್ದಾರೆ, ಬಿಟ್ಟುಹೋಗುವುದನ್ನು ಕಷ್ಟ ಮಾಡಿದ್ದಾರೆ ಎಂಬುದು ಆರೋಪ. ಹೊರೆ ಎಲ್ಲಿಗೆ ಬಂತು ನೋಡಿ.

ಬಾಡಿಗೆಯ ಈ ಉಪಾಯ ಕ್ಲೌಡ್ ಕಾಲದ್ದು ಅಂತ ತಿಳಿಯಬೇಡಿ. 1930ರ ದಶಕದ ಮಹಾ ಕುಸಿತದಲ್ಲಿ ಐಬಿಎಂ ಬದುಕಿದ್ದು ಇದರಿಂದಲೇ. ಆಗ ಅದು ಮಾಡುತ್ತಿದ್ದದ್ದು ರಂಧ್ರ ಹೊಡೆದ ಕಾರ್ಡ್‌ಗಳನ್ನು ಎಣಿಸುವ ಯಂತ್ರ. ಯಂತ್ರ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಕಾರ್ಡ್‌ಗಳನ್ನು ಮಾತ್ರ ಮಾರುತ್ತಿತ್ತು. ಹೊಸ ಗ್ರಾಹಕರು ಬರದಿದ್ದರೂ ಹಳೆಯವರ ಬಾಡಿಗೆ ಬರುತ್ತಲೇ ಇತ್ತು. ಸಂಬಳದ ಪಟ್ಟಿ ಆ ಯಂತ್ರದಲ್ಲೇ ತಯಾರಾಗುವಾಗ ಅದನ್ನು ವಾಪಸ್ ಕಳಿಸುವುದು ಹೇಗೆ? ಸುತ್ತ ಎಲ್ಲ ಮುಳುಗುವಾಗ ಐಬಿಎಂ ಆದಾಯ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಕಂಪನಿ ನಡೆಸುತ್ತಿದ್ದ ಥಾಮಸ್ ವಾಟ್ಸನ್ ಆ ಧೈರ್ಯದಲ್ಲಿ ಕಾರ್ಖಾನೆ ಮುಚ್ಚದೆ ಯಂತ್ರ ಮಾಡಿಸಿ ಗೋದಾಮು ತುಂಬಿಸಿದರು. ನೋಡಿದವರಿಗೆ ಹುಚ್ಚು ಅನಿಸಿರಬೇಕು. 1935ರಲ್ಲಿ ಅಮೆರಿಕದ ಸರ್ಕಾರ ದುಡಿದವರಿಗೆ ಮುಪ್ಪಿನಲ್ಲಿ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿ ಕಾನೂನು ತಂದಿತು. ಸುಮಾರು 2.6 ಕೋಟಿ ಜನರ ದುಡಿಮೆಯ ಲೆಕ್ಕ ಇಡಬೇಕಾಯಿತು. ಅಷ್ಟು ಯಂತ್ರ ತಕ್ಷಣ ಕೊಡಲು ತಯಾರಿದ್ದದ್ದು ಐಬಿಎಂ. ಆ ಕಾನೂನು ಬರುತ್ತದೆ ಅಂತ ವಾಟ್ಸನ್‌ಗೆ ಮೊದಲೇ ಗೊತ್ತಿತ್ತು ಅಂತ ಹೇಳಿದರೆ ಕಥೆ ಚೆಂದವಾಗುತ್ತದೆ. ಆದರೆ ಅರ್ಧ ಅದೃಷ್ಟ ಅದು. ಅದೃಷ್ಟ ಬಾಗಿಲು ತಟ್ಟುವವರೆಗೆ ಬದುಕಿರಲು ಬೇಕಾದ ದುಡ್ಡು ಮಾತ್ರ ಬಾಡಿಗೆಯದ್ದು.

ಇದಕ್ಕೆ ಪೂರ್ತಿ ಉಲ್ಟಾ ಒಂದು ಉದಾಹರಣೆ ಹೇಳುತ್ತೇನೆ. 2000ದ ಮಾರ್ಚ್‌ನಲ್ಲಿ, ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ಷೇರುಪೇಟೆಯ ನಾಸ್ಡಾಕ್ ಸೂಚ್ಯಂಕ 5000 ದಾಟಿ ಶಿಖರದಲ್ಲಿತ್ತು. 2002ರ ಅಕ್ಟೋಬರ್ ಹೊತ್ತಿಗೆ ಅದರ ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿತ್ತು. ಇಂಟರ್ನೆಟ್ ಕಂಪನಿಗಳ ಷೇರು ಬೆಲೆ ಉಬ್ಬಿದ್ದ ಡಾಟ್‌ಕಾಂ ಗುಳ್ಳೆ ಒಡೆದದ್ದು ಅಂದರೆ ಇದೇ. ಆಗ ಇಂಟರ್ನೆಟ್ ಜಾಹೀರಾತು ಮಾರುತ್ತಿದ್ದದ್ದು ತಲೆ ಎಣಿಸಿ. ಸಾವಿರ ಜನ ನೋಡಿದರೆ ಇಷ್ಟು ದುಡ್ಡು. ನೋಡಿದವರಲ್ಲಿ ಒಬ್ಬನಾದರೂ ಅಂಗಡಿಗೆ ಬಂದನೋ ಇಲ್ಲವೋ, ಅದು ಜಾಹೀರಾತು ಕೊಟ್ಟವನ ತಲೆನೋವು. ಗೂಗಲ್ 2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆ ಶುರು ಮಾಡಿದಾಗಲೂ ದರ ಇದ್ದದ್ದು ಹಾಗೇ. ಜಾಹೀರಾತುದಾರರು 350 ಮಂದಿ.

2002ರ ಫೆಬ್ರವರಿಯಲ್ಲಿ ಗೂಗಲ್ ಇದನ್ನು ತಿರುಗಿಸಿತು. ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ದುಡ್ಡು ಕೊಡಿ, ಒಂದು ಕ್ಲಿಕ್‌ಗೆ ಎಷ್ಟು ಅನ್ನುವುದನ್ನು ಹರಾಜಿನಲ್ಲಿ ನೀವೇ ಹೇಳಿ ಅಂದಿತು. ಈ ಉಪಾಯ ಅವರದ್ದಲ್ಲ. ಗೋಟು ಡಾಟ್ ಕಾಂ ಎಂಬ ಕಂಪನಿ 1998ರಲ್ಲೇ ಇದನ್ನು ಮಾಡಿತ್ತು. ಮುಂದೆ ಓವರ್ಚರ್ ಅಂತ ಹೆಸರು ಬದಲಿಸಿಕೊಂಡು ಗೂಗಲ್ ಮೇಲೆ ಕೇಸು ಕೂಡ ಹಾಕಿತು. ಗೂಗಲ್ ಸೇರಿಸಿದ್ದು ಒಂದು ಸಣ್ಣ ತಿರುವು. ಅತಿ ಹೆಚ್ಚು ಕೂಗಿದವನಿಗೆ ಮೇಲಿನ ಜಾಗ ಅಂತ ಇರಲಿಲ್ಲ. ಜನ ಎಷ್ಟು ಕ್ಲಿಕ್ ಮಾಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಜಾಹೀರಾತು ಕೆಲಸಕ್ಕೆ ಬಾರದಿದ್ದರೆ ಈಗ ನಷ್ಟ ಗೂಗಲ್‌ಗೆ. ಜಾಗ ಹಾಳು, ದುಡ್ಡೂ ಇಲ್ಲ. ಹಾಗಾಗಿ ಯಾವ ಜಾಹೀರಾತು ಯಾರಿಗೆ ತೋರಿಸಬೇಕು ಅನ್ನುವುದನ್ನು ಕಲಿಯಲೇಬೇಕಾಯಿತು. ಅತ್ತ ಜಾಹೀರಾತು ಬಜೆಟ್ ಅರ್ಧ ಕಳೆದುಕೊಂಡ ಮ್ಯಾನೇಜರ್‌ಗೆ ಈ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕು ಯೋಚಿಸಿ. ಅವನು ಮೇಲಿನವರ ಮುಂದೆ ಹೋಗಿ "ಇಷ್ಟು ಕ್ಲಿಕ್ ಬಂತು, ಇಷ್ಟು ಕೊಟ್ಟೆ" ಅನ್ನಬಹುದು. 2001ರಲ್ಲಿ ಗೂಗಲ್ ಆದಾಯ 8.6 ಕೋಟಿ ಡಾಲರ್. 2003ರಲ್ಲಿ ಸುಮಾರು 146 ಕೋಟಿ.

ಅಡೋಬಿ ಹೊರೆ ಇಳಿಸಿಕೊಂಡಿತು, ಗೂಗಲ್ ಹೊರೆ ಎತ್ತಿಕೊಂಡಿತು. ಎರಡೂ ಗೆದ್ದವು. ಯಾಕೆ? ನನಗೆ ತೋಚುವ ಉತ್ತರ ಇದು. ಗೂಗಲ್ ಹೊತ್ತದ್ದು ತನಗೆ ಅಳೆಯಲು ಬರುವ ಹೊರೆಯನ್ನು. ಯಾವ ಜಾಹೀರಾತಿಗೆ ಎಷ್ಟು ಕ್ಲಿಕ್ ಬೀಳುತ್ತದೆ ಅನ್ನುವುದು ಜಾಹೀರಾತುದಾರನಿಗಿಂತ ಗೂಗಲ್‌ಗೇ ಚೆನ್ನಾಗಿ ಗೊತ್ತಿತ್ತು.

ಅಳೆಯಲು ಬಾರದ ಹೊರೆ ಹೊತ್ತವರ ಗತಿ ನೋಡಬೇಕಾದರೆ ಅದೇ ಕಾಲದ ದೂರಸಂಪರ್ಕ ಉಪಕರಣದವರನ್ನು ನೋಡಿ. ಲೂಸೆಂಟ್‌ನಂಥ ಕಂಪನಿಗಳು ಗ್ರಾಹಕರ ಬಳಿ ದುಡ್ಡಿಲ್ಲದಾಗ ತಾವೇ ಸಾಲ ಕೊಟ್ಟು, ಆ ಸಾಲದಲ್ಲಿ ತಮ್ಮದೇ ಯಂತ್ರ ಕೊಳ್ಳುವಂತೆ ಮಾಡಿದವು. ಪುಸ್ತಕದಲ್ಲಿ ಮಾರಾಟ ಏರುತ್ತಲೇ ಇತ್ತು. ಲೂಸೆಂಟ್ ಹೀಗೆ ಸಾಲ ಕೊಟ್ಟ ವಿನ್‌ಸ್ಟಾರ್ ಎಂಬ ದೂರಸಂಪರ್ಕ ಕಂಪನಿ 2001ರ ಏಪ್ರಿಲ್‌ನಲ್ಲಿ ದಿವಾಳಿ ಆಯಿತು. ಯಂತ್ರವೂ ಹೋಯಿತು, ದುಡ್ಡೂ ಹೋಯಿತು. ಅದೇ ವರ್ಷ ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಮಾರಾಟವಾಗದೆ ಉಳಿದ ಸುಮಾರು 220 ಕೋಟಿ ಡಾಲರ್ ದಾಸ್ತಾನಿನ ಬೆಲೆಯನ್ನು ಪುಸ್ತಕದಿಂದ ಅಳಿಸಿಹಾಕಿತು. ಒಂದು ವರ್ಷದ ಹಿಂದೆ ಅದು ಕೆಲದಿನ ಜಗತ್ತಿನ ಅತಿ ಬೆಲೆಯ ಕಂಪನಿ ಅನ್ನಿಸಿಕೊಂಡಿತ್ತು.

ದಾಸ್ತಾನು ಅಂದಾಗ ಅಮೆಜಾನ್ ನೆನಪಾಗುತ್ತದೆ. 2000ದ ಫೆಬ್ರವರಿಯಲ್ಲಿ ಅದು ಯುರೋಪಿನಲ್ಲಿ ಬಾಂಡ್ ಮಾರಿ 69 ಕೋಟಿ ಯೂರೋ ಎತ್ತಿತು. ಮಾರುಕಟ್ಟೆ ಕುಸಿಯಲು ಒಂದೇ ತಿಂಗಳಿತ್ತು. ಆ ದುಡ್ಡು ಇಲ್ಲದಿದ್ದರೆ ಇವತ್ತು ಅಮೆಜಾನ್ ಅಂದರೆ ನಮಗೆಲ್ಲ ನದಿ ಮಾತ್ರ ಗೊತ್ತಿರುತ್ತಿತ್ತೋ ಏನೋ. ಸಮಯ ಸಿಕ್ಕಿತು, ಸರಿ. ಆ ಸಮಯದಲ್ಲಿ ಮಾಡಿದ್ದು ಏನು? 2000ದ ನವೆಂಬರ್‌ನಲ್ಲಿ ಮಾರ್ಕೆಟ್‌ಪ್ಲೇಸ್ ತೆರೆದರು. ತಮ್ಮ ವಸ್ತು ಇರುವ ಪುಟದಲ್ಲೇ, ಅದೇ ವಸ್ತುವಿನ ಪಕ್ಕದಲ್ಲೇ, ಹೊರಗಿನವರಿಗೂ ಮಾರಲು ಜಾಗ ಕೊಟ್ಟರು. ಮೊದಲು ಇದೇ ಆಸೆಯಿಂದ ಹರಾಜಿನ ಪುಟ, ಝಡ್‌ಶಾಪ್ಸ್ ಅಂತ ಎರಡು ಪ್ರಯತ್ನ ಮಾಡಿ ಸೋತಿದ್ದರು. ಒಳಗಿನ ಖರೀದಿ ವಿಭಾಗದವರಿಗೆ ಇದು ಹೇಗೆ ಕಂಡಿರಬಹುದು? ನಾನು ಕೊಂಡು ತಂದ ಮಾಲು ಗೋದಾಮಿನಲ್ಲಿ ಕೂತಿದೆ, ನನ್ನ ಅಂಗಡಿಯಲ್ಲೇ ಇನ್ನೊಬ್ಬ ಅದನ್ನು ಕಡಿಮೆಗೆ ಮಾರುತ್ತಿದ್ದಾನೆ! ಆದರೆ ಹೊರಗಿನವನ ಮಾಲು ಮಾರಾಟವಾಗದಿದ್ದರೆ ನಷ್ಟ ಹೊರಗಿನವನದ್ದು. ಮಾರಾಟವಾದರೆ ಕಮಿಷನ್ ಅಮೆಜಾನ್‌ದು. 1999ರಲ್ಲಿ ಅಮೆಜಾನ್‌ನಲ್ಲಿ ಮಾರಾಟವಾದದ್ದರಲ್ಲಿ ಹೊರಗಿನವರ ಪಾಲು ಶೇ. 3. 2018ರಲ್ಲಿ ಶೇ. 58. ಕಂಪನಿ ಮೊದಲ ಬಾರಿ ಲಾಭ ತೋರಿಸಿದ್ದು 2001ರ ಕೊನೆಯ ಮೂರು ತಿಂಗಳಲ್ಲಿ, ಷೇರಿಗೆ ಒಂದು ಸೆಂಟ್.

ಮಾರಾಟ ಮತ್ತು ಗ್ರಾಹಕರ ಲೆಕ್ಕ ಇಡುವ ಸಾಫ್ಟ್‌ವೇರನ್ನು ಇಂಟರ್ನೆಟ್ ಮೂಲಕ ಕೊಡುವ ಸೇಲ್ಸ್‌ಫೋರ್ಸ್ ಕಥೆ ಚಿಕ್ಕದು, ಬೇಗ ಹೇಳಿ ಮುಗಿಸುತ್ತೇನೆ. ಕರಾರು ಇಲ್ಲ, ತಿಂಗಳು ತಿಂಗಳು ಕಟ್ಟಿ, ಬೇಡವಾದಾಗ ಬಿಡಿ, ಇದು ಅವರು ಶುರುವಿನಲ್ಲಿ ಹೇಳಿದ ಮಾತು. ಡಾಟ್‌ಕಾಂ ಕುಸಿತದಲ್ಲಿ ಕೈ ಖಾಲಿಯಾದಾಗ ಆ ಮಾತು ಬದಲಾಯಿತು. ವರ್ಷದ ಕರಾರು ಮಾಡಿ, ದುಡ್ಡು ಮುಂಗಡ ಕೊಡಿ, ರಿಯಾಯಿತಿ ಕೊಡುತ್ತೇವೆ ಅಂದರು. ಗ್ರಾಹಕ ಅದೇ, ವಸ್ತು ಅದೇ. ದುಡ್ಡು ಬರುವ ದಿನ ಮಾತ್ರ ಮೊದಲೇ ಬಂತು. ಬ್ಯಾಂಕಿನ ಬಳಿ ಹೋಗದೆ ಗ್ರಾಹಕರಿಂದಲೇ ಕೈಸಾಲ ಪಡೆದ ಹಾಗೆ.

ಈಗ ಹತ್ತಿರದ ಕಾಲಕ್ಕೆ ಬರೋಣ. 2022ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಬಡ್ಡಿ ದರ ಸೊನ್ನೆಯ ಹತ್ತಿರ ಇತ್ತು. 2023ರ ಜುಲೈ ಹೊತ್ತಿಗೆ ಶೇ. 5.25 ದಾಟಿತು. ಇದನ್ನು ಹಿಂಜರಿತ ಅನ್ನಬೇಕೋ ಬೇಡವೋ ಅಂತ ಅರ್ಥಶಾಸ್ತ್ರದವರು ಜಗಳ ಆಡಲಿ. ಟೆಕ್ ಕಂಪನಿಗಳಿಗೆ ಮಾತ್ರ ಪುಕ್ಕಟೆ ದುಡ್ಡಿನ ಕಾಲ ಮುಗಿಯಿತು. "ಎಷ್ಟು ಜನ ಬಳಸುತ್ತಾರೆ" ಅನ್ನುವ ಪ್ರಶ್ನೆಯ ಜಾಗಕ್ಕೆ "ಯಾರು ದುಡ್ಡು ಕೊಡುತ್ತಾರೆ" ಬಂತು. ಬರೆದ ಆಪ್‌ಗಳನ್ನು ಇಂಟರ್ನೆಟ್‌ನಲ್ಲಿ ಓಡಿಸಲು ಜಾಗ ಕೊಡುವ ಹೆರೋಕು ತನ್ನ ಉಚಿತ ಸೇವೆಯನ್ನು 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ನಿಮ್ಮ ಸೀನಿಯರ್‌ಗಳ ಎಷ್ಟು ಪ್ರಾಜೆಕ್ಟ್‌ಗಳು ಆವತ್ತು ಕಣ್ಮುಚ್ಚಿದವೋ! ನೆಟ್‌ಫ್ಲಿಕ್ಸ್ ಆ ವರ್ಷದ ಮೊದಲ ಆರು ತಿಂಗಳಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಚಂದಾದಾರರನ್ನು ಕಳೆದುಕೊಂಡಿತು. ವರ್ಷಗಟ್ಟಲೆ ಬೇಡ ಅಂದಿದ್ದ ಜಾಹೀರಾತನ್ನು ನವೆಂಬರ್‌ನಲ್ಲಿ ತಂದಿತು. ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೂ ಕಡಿವಾಣ ಹಾಕಿತು. ಅವರ ಲೆಕ್ಕದಲ್ಲಿ 10 ಕೋಟಿಗೂ ಜಾಸ್ತಿ ಮನೆಗಳು ಬೇರೆಯವರ ಪಾಸ್‌ವರ್ಡ್‌ನಲ್ಲಿ ನೋಡುತ್ತಿದ್ದವು. ಅಷ್ಟು ವರ್ಷ ಕಣ್ಣು ಮುಚ್ಚಿ ಕೂತಿದ್ದವರಿಗೆ ಈಗ ಕಣ್ಣು ಕಾಣಿಸಿತು.

ಈ ಸುತ್ತಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಕ್ಲೌಡ್‌ನವರ, ಅಂದರೆ ತಮ್ಮ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವವರ ನಡೆ. ಬಳಸಿದಷ್ಟಕ್ಕೆ ದುಡ್ಡು ಅನ್ನುವುದು ಅವರ ಮಾದರಿ. ಹೊರೆ ಪೂರ್ತಿ ಮಾರುವವನದ್ದು. ಗ್ರಾಹಕ ಬಳಕೆ ಕಡಿಮೆ ಮಾಡಿದ ದಿನವೇ ಬಿಲ್ ಇಳಿಯುತ್ತದೆ. ಅಮೆಜಾನ್‌ನ ಕ್ಲೌಡ್ ವಿಭಾಗ 2022ರ ಶುರುವಿನಲ್ಲಿ ಶೇ. 37ರ ವೇಗದಲ್ಲಿ ಬೆಳೆಯುತ್ತಿತ್ತು. 2023ರ ಮಧ್ಯದಲ್ಲಿ ಶೇ. 12ಕ್ಕೆ ಬಂತು. ಆ ದಿನಗಳಲ್ಲಿ ಅದರ ಮಾರಾಟದ ತಂಡದವರೇ ಗ್ರಾಹಕರ ಪಕ್ಕ ಕೂತು ಬಿಲ್ ಹೇಗೆ ಇಳಿಸಬಹುದು ಅಂತ ಹೇಳಿಕೊಟ್ಟರು. ದಾನಧರ್ಮ ಅಲ್ಲ ಇದು. ಬಿಲ್ ಇಳಿಸಿಕೊಂಡ ಗ್ರಾಹಕ ಅಲ್ಲೇ ಉಳಿಯುತ್ತಾನೆ, ಇಳಿಸಿಕೊಳ್ಳಲಾಗದವನು ಬಿಟ್ಟು ಹೋಗುತ್ತಾನೆ.

ಇದನ್ನು ಯೂನಿಟಿ ಮಾಡಿದ್ದರ ಪಕ್ಕ ಇಟ್ಟು ನೋಡಿ. ಗೇಮ್ ಕಟ್ಟುವ ಸಾಫ್ಟ್‌ವೇರ್ ಕೊಡುವ ಕಂಪನಿ ಅದು. ಗೇಮ್ ಒಂದು ಮಿತಿ ದಾಟಿದ ಮೇಲೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಈಗಾಗಲೇ ಮಾರುಕಟ್ಟೆಯಲ್ಲಿದ್ದ ಗೇಮ್‌ಗಳಿಗೂ ಅನ್ವಯ ಅಂದಿತು. ಆಟಗಾರ ಎಷ್ಟು ಸಲ ಡೌನ್‌ಲೋಡ್ ಮಾಡುತ್ತಾನೆ ಅನ್ನುವುದು ಗೇಮ್ ಮಾಡಿದವನ ಕೈಯಲ್ಲಿದೆಯೇ? ಅಳೆಯಲೂ ಆಗದ, ತಡೆಯಲೂ ಆಗದ ಹೊರೆಯನ್ನು ತಂದು ಅವನ ತಲೆಗೆ ಕಟ್ಟಿದ ಹಾಗಾಯಿತು. ಕೆಲವೇ ವಾರಗಳಲ್ಲಿ ಸಿಇಒ ಹೊರಗೆ ಹೋದರು. ಒಂದು ವರ್ಷದ ಮೇಲೆ ಶುಲ್ಕವನ್ನೇ ರದ್ದು ಮಾಡಿದರು.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಇವೆಲ್ಲ ಸಾಫ್ಟ್‌ವೇರ್ ಮಾತಾಯಿತು. ಚಿಪ್ ಮಾಡುವವರು ಏನು ಮಾಡಬೇಕು? ಚಿಪ್ ಬಾಡಿಗೆಗೆ ಕೊಡೋಕ್ಕಾಗಲ್ಲ ಅಲ್ವಾ?"

ಆಗಲ್ಲ. ಕಾರ್ಖಾನೆ ಕಟ್ಟಲು ವರ್ಷಗಳು ಬೇಕು, ಹಾಗಾಗಿ ಅವರು ಜೂಜು ಆಡಲೇಬೇಕು. ತೈವಾನ್‌ನ ಟಿಎಸ್‌ಎಂಸಿ 2009ರ ಆರಂಭದಲ್ಲಿ ಎಲ್ಲರ ಹಾಗೆ ಖರ್ಚು ಕಡಿತ ಮಾಡಿ, ಒಂದಷ್ಟು ಜನರನ್ನೂ ತೆಗೆದಿತ್ತು. ಜೂನ್‌ನಲ್ಲಿ ಸಂಸ್ಥಾಪಕ ಮಾರಿಸ್ ಚಾಂಗ್ 77ನೇ ವಯಸ್ಸಿನಲ್ಲಿ ಸಿಇಒ ಕುರ್ಚಿಗೆ ವಾಪಸ್ ಬಂದರು. ತೆಗೆದವರನ್ನು ಮತ್ತೆ ಕೆಲಸಕ್ಕೆ ಕರೆದರು. 2009ರಲ್ಲಿ ಸುಮಾರು 270 ಕೋಟಿ ಡಾಲರ್ ಇದ್ದ ಬಂಡವಾಳ ವೆಚ್ಚವನ್ನು 2010ರಲ್ಲಿ 590 ಕೋಟಿಗೆ ಏರಿಸಿದರು. ಸ್ಮಾರ್ಟ್‌ಫೋನ್ ಅಲೆ ಬಂದಾಗ ಆ ಕಾರ್ಖಾನೆಗಳು ತಯಾರಿದ್ದವು. ಲೇಆಫ್ ಬಗ್ಗೆ ಮಾತಾಡಲ್ಲ ಅಂದಿದ್ದೆ. ಆದರೆ ಜನರನ್ನು ವಾಪಸ್ ಕರೆದ ಕಥೆ ಅಪರೂಪ, ಅದಕ್ಕೇ ಹೇಳಿದೆ. ಚಿಪ್ ಜೂಜಿನಲ್ಲಿ ಮುಳುಗಿದವರೂ ಇದ್ದಾರೆ. ಮೆಮೊರಿ ಚಿಪ್ ಮಾಡುತ್ತಿದ್ದ ಜರ್ಮನಿಯ ಕಿಮೋಂಡಾ 2009ರಲ್ಲಿ ದಿವಾಳಿ ಆಯಿತು, ಜಪಾನಿನ ಎಲ್ಪಿಡಾ 2012ರಲ್ಲಿ.

ಎರಡನೇ ಪ್ರಶ್ನೆ ಕಾಮರ್ಸ್ ವಿಭಾಗದ ಒಬ್ಬ ಹುಡುಗನಿಂದ: "ಮಾದರಿ ಬದಲಾಯಿಸದೆ, ಬರೀ ಲೆಕ್ಕದಲ್ಲೇ ಸರಿಮಾಡೋಕೆ ಆಗಲ್ವಾ?"

ಒಳ್ಳೆ ಪ್ರಶ್ನೆ, ಮತ್ತು ಉತ್ತರ "ಆಗುತ್ತೆ". ಸವಕಳಿ ಓದಿದ್ದೀರಲ್ಲ? ಸರ್ವರ್ ಕೊಂಡಾಗ ಅದರ ಬೆಲೆಯನ್ನು ಅದರ ಆಯಸ್ಸಿನ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. 2023ರ ಆರಂಭದಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ ತನ್ನ ಸರ್ವರ್‌ಗಳ ಆಯಸ್ಸು ನಾಲ್ಕು ವರ್ಷ ಅಲ್ಲ, ಆರು ವರ್ಷ ಅಂತ ಬರೆದುಕೊಂಡಿತು. ನೆಟ್‌ವರ್ಕ್ ಉಪಕರಣಗಳದ್ದನ್ನೂ ಐದರಿಂದ ಆರಕ್ಕೆ ಏರಿಸಿತು. ಎರಡೂ ಸೇರಿ ಆ ಒಂದೇ ವರ್ಷದಲ್ಲಿ ಸುಮಾರು 340 ಕೋಟಿ ಡಾಲರ್ ಸವಕಳಿ ಕಡಿಮೆಯಾಗುತ್ತದೆ ಎಂದು ಅಂದಾಜಿಸಿತು. ಮೈಕ್ರೋಸಾಫ್ಟ್ 2022ರಲ್ಲೇ ಇದನ್ನು ಮಾಡಿತ್ತು. ಮೋಸ ಅಲ್ಲ, ಯಂತ್ರಗಳು ನಿಜಕ್ಕೂ ಹೆಚ್ಚು ಬಾಳಿಕೆ ಬರುತ್ತಿದ್ದವು, ಹೊರಗೆ ತಿಳಿಸಿಯೇ ಮಾಡಿದರು. ಆದರೆ ಹೊಸ ಕಾಸು ಒಂದೂ ಬರಲಿಲ್ಲ. ಈ ವರ್ಷದ ಹೊರೆಯನ್ನು ಮುಂದಿನ ವರ್ಷದ ಹೆಗಲಿಗೆ ದಾಟಿಸಿದರು.

"ಮುಂದಿನ ವರ್ಷ ಅದು ಒಪ್ಪದಿದ್ದರೆ?" ಅಂತ ಅವನೇ ಮತ್ತೆ ಕೇಳಿದ.

ಅಮೆಜಾನ್ ಕೂಡ 2024ರಲ್ಲಿ ತನ್ನ ಸರ್ವರ್‌ಗಳ ಆಯಸ್ಸನ್ನು ಐದರಿಂದ ಆರಕ್ಕೆ ಏರಿಸಿತ್ತು. 2025ರ ಆರಂಭದಲ್ಲಿ ಅವುಗಳಲ್ಲಿ ಕೆಲವನ್ನು ಮತ್ತೆ ಐದಕ್ಕೇ ಇಳಿಸಿತು. ಎಐ ಓಟದಲ್ಲಿ ಯಂತ್ರಗಳು ಬೇಗ ಹಳತಾಗುತ್ತಿವೆ ಎಂಬುದು ಅವರು ಕೊಟ್ಟ ಕಾರಣ.